ಶೆಲ್ಡನ್‌ನನ್ನು ಅವನ ಪಾಡಿಗೆ ಬಿಡಬಾರದಿತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

'ದಿ ಬಿಗ್ ಬ್ಯಾಂಗ್ ಥಿಯರಿ' ಧಾರಾವಾಹಿ ನೋಡಿದವರು ನಾಲ್ಕು ಜನ ಸೇರಿದರೆ ಶೆಲ್ಡನ್ ಕೂಪರ್ ಹೆಸರು ಬಂದೇ ಬರುತ್ತದೆ. ಬಂದ ಕೂಡಲೇ ಮಾತು ಎರಡು ಪಾಲಾಗುತ್ತದೆ. ಅವನಿಗೆ ಜೋಡಿಯಾಗಿ ಏಮಿ ಸಿಕ್ಕಿದ್ದು ಒಳ್ಳೆಯದಾಯಿತು ಅನ್ನುವವರು ಒಂದು ಕಡೆ. ಅವನನ್ನು ಅವನ ಪಾಡಿಗೆ ಬಿಡಬೇಕಿತ್ತು ಅನ್ನುವವರು ಇನ್ನೊಂದು ಕಡೆ. ನಾನು ಎರಡನೇ ಕಡೆಯವಳು. ಇಷ್ಟು ವರ್ಷದಲ್ಲಿ ಗೆಳೆಯರು, ಸಹೋದ್ಯೋಗಿಗಳು, ನೆಂಟರು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕಥೆಯ ಕೊನೆಯವರೆಗಿನ ಎಲ್ಲ ವಿಷಯಗಳೂ ಬರುತ್ತವೆ. ಇನ್ನೂ ನೋಡದವರು ಗಮನಿಸಿ.

ನಾನು ಈ ಧಾರಾವಾಹಿ ನೋಡಿಲ್ಲ. ಸ್ವಲ್ಪದರಲ್ಲಿ ಹೇಳ್ತೀರಾ?

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2007ರ ಸೆಪ್ಟೆಂಬರ್‌ನಿಂದ 2019ರ ಮೇ ತನಕ ಬಂದ ಹಾಸ್ಯ ಧಾರಾವಾಹಿ, ಅಲ್ಲಿನವರ ಮಾತಿನಲ್ಲಿ ಸಿಟ್‌ಕಾಮ್. 12 ಸೀಸನ್, 279 ಕಂತು. ಕಟ್ಟಿದವರು ಚಕ್ ಲೋರಿ ಮತ್ತು ಬಿಲ್ ಪ್ರೇಡಿ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಒಂದೇ ಮನೆಯಲ್ಲಿರುವ ಇಬ್ಬರು ಭೌತವಿಜ್ಞಾನಿಗಳು, ಶೆಲ್ಡನ್ ಮತ್ತು ಲೆನರ್ಡ್. ಎದುರು ಮನೆಗೆ ಬರುವ ಪೆನ್ನಿ. ಇವರ ಗೆಳೆಯರು ಹೊವರ್ಡ್ ಮತ್ತು ರಾಜ್. ಶೆಲ್ಡನ್ ಪಾತ್ರ ಮಾಡಿದವರು ಜಿಮ್ ಪಾರ್ಸನ್ಸ್. ಆ ಪಾತ್ರಕ್ಕೆ ಅವರಿಗೆ ನಾಲ್ಕು ಸಲ ಟಿವಿ ಲೋಕದ ದೊಡ್ಡ ಗೌರವವಾದ ಎಮ್ಮಿ ಪ್ರಶಸ್ತಿ ಬಂತು.

ಶುರುವಿನಲ್ಲಿ ಶೆಲ್ಡನ್ ಹೇಗಿದ್ದ?

ಸೋಫಾದಲ್ಲಿ ಅವನಿಗೊಂದು ಜಾಗ. ಅಲ್ಲಿ ಬೇರೆ ಯಾರೂ ಕೂರುವ ಹಾಗಿಲ್ಲ. ಬಾಗಿಲು ತಟ್ಟಿದರೆ ಮೂರು ಸಲ, ಮೂರು ಸಲವೂ ಹೆಸರು ಹಿಡಿದು ಕೂಗಬೇಕು. ಶನಿವಾರ ರಾತ್ರಿ ಬಟ್ಟೆ ಒಗೆಯುವ ಹೊತ್ತು. ಲೆನರ್ಡ್ ಜೊತೆ ಒಂದೇ ಮನೆಯಲ್ಲಿರುವುದಕ್ಕೂ ಬರೆದಿಟ್ಟ ಒಪ್ಪಂದ. ಯಾರಾದರೂ ಮೈ ಮುಟ್ಟಿದರೆ ಅವನಿಗೆ ಕಿರಿಕಿರಿ. ಆದರೆ ಅವನು ದುಃಖಿ ಅಲ್ಲ. ಇದು ತುಂಬಾ ಮುಖ್ಯ. ಅವನ ದಿನದ ತುಂಬ ಕೆಲಸ ಇತ್ತು, ಕಾಮಿಕ್ಸ್ ಇತ್ತು, ರೈಲುಗಳ ಹುಚ್ಚು ಇತ್ತು, ನಾಲ್ಕು ಜನ ಗೆಳೆಯರಿದ್ದರು. ತನಗೇನೋ ಕಡಿಮೆಯಾಗಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ.

ಎರಡನೇ ಸೀಸನ್ನಿನ ಆರನೇ ಕಂತು ನೋಡಿ. 2008ರದು. ರಮೋನಾ ಅನ್ನುವ ವಿದ್ಯಾರ್ಥಿನಿ ಶೆಲ್ಡನ್ ಹಿಂದೆ ಬೀಳುತ್ತಾಳೆ. ಅವಳು ಯಾಕೆ ಸುತ್ತುತ್ತಿದ್ದಾಳೆ ಅನ್ನುವುದೇ ಅವನಿಗೆ ಗೊತ್ತಾಗುವುದಿಲ್ಲ. ಶೆಲ್ಡನ್‌ಗೆ ಹುಡುಗಿಯರು ಇಷ್ಟವಾ, ಹುಡುಗರು ಇಷ್ಟವಾ, ಏನು ಕಥೆ ಎಂದು ಪೆನ್ನಿ ಕೇಳುತ್ತಾಳೆ. ಅಂಥದ್ದೇನೂ ಇಲ್ಲ ಎಂದುಕೊಂಡೇ ನಾವು ಇಷ್ಟು ದಿನ ನಡೆದುಕೊಂಡು ಬಂದಿದ್ದೇವೆ ಎನ್ನುತ್ತಾನೆ ಲೆನರ್ಡ್. ಒಂದು ದಿನ ಸಿಕ್ಕಾಪಟ್ಟೆ ಥಾಯ್ ಊಟ ಮಾಡಿ ಇವನು ಎರಡು ಶೆಲ್ಡನ್ ಆಗಿ ಒಡೆಯಬಹುದು ಎಂದು ಹೊವರ್ಡ್ ತಮಾಷೆ ಮಾಡುತ್ತಾನೆ.

ಅಲ್ಲಿ ಗೆಳೆಯರು ನಗುತ್ತಾರೆ, ನಿಜ. ಆದರೆ ಅವನನ್ನು ಯಾರೂ ಸರಿ ಮಾಡಲು ಹೊರಡುವುದಿಲ್ಲ. ಅವನು ಹಾಗೆ, ಅಷ್ಟೇ. ಒಬ್ಬ ಮನುಷ್ಯನಿಗೆ ಜೋಡಿ ಬೇಡ ಅನ್ನುವುದನ್ನು ಒಂದು ಜನಪ್ರಿಯ ಧಾರಾವಾಹಿ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಏಮಿ ಬಂದದ್ದು ಹೇಗೆ?

ಮೂರನೇ ಸೀಸನ್ನಿನ ಕೊನೆಯ ಕಂತಿನಲ್ಲಿ, 2010ರ ಮೇ 24ರಂದು. ಹೊವರ್ಡ್ ಮತ್ತು ರಾಜ್ ಸೇರಿ ಶೆಲ್ಡನ್‌ಗೆ ಗೊತ್ತಾಗದ ಹಾಗೆ ಅವನ ಹೆಸರನ್ನು ಡೇಟಿಂಗ್ ತಾಣಕ್ಕೆ ಸೇರಿಸುತ್ತಾರೆ. ಅಲ್ಲಿ ಏಮಿ ಫಾರಾ ಫೌಲರ್ ಹೆಸರು ಹೊಂದಿಕೆಯಾಗುತ್ತದೆ. ಶೆಲ್ಡನ್ ಬರಲು ಒಪ್ಪುವುದಿಲ್ಲ. ಮನೆಯಲ್ಲಿ ಎಲ್ಲೋ ಕೊಳೆ ಕಾಲುಚೀಲ ಬಚ್ಚಿಟ್ಟಿದ್ದೇನೆ, ಬಂದರೆ ಮಾತ್ರ ಎಲ್ಲಿದೆ ಹೇಳುತ್ತೇನೆ ಎಂದು ರಾಜ್ ಹೆದರಿಸಿದ ಮೇಲೆ ಬರುತ್ತಾನೆ.

ಆ ಕಾಫಿ ಅಂಗಡಿಯ ದೃಶ್ಯ ನನಗೆ ಬಾಯಿಪಾಠ. ಏಮಿಗೂ ಅಲ್ಲಿಗೆ ಬರಲು ಮನಸ್ಸಿರಲಿಲ್ಲ. ವರ್ಷಕ್ಕೊಮ್ಮೆ ಯಾರನ್ನಾದರೂ ಭೇಟಿಯಾಗುತ್ತೇನೆ ಎಂದು ಅಮ್ಮನ ಜೊತೆ ಒಪ್ಪಂದ ಮಾಡಿಕೊಂಡಿದ್ದಾಳೆ. ಅದಕ್ಕೆ ಬದಲಾಗಿ ಅಮ್ಮ ಅವಳ ಒಂಟಿ ಬದುಕಿನ ಮಾತೆತ್ತುವುದಿಲ್ಲ. ಅಮ್ಮನ ಗ್ರಿಲ್ ಬಳಸಲೂ ಬಿಡುತ್ತಾಳೆ. ಮುಟ್ಟುವುದು ಗಿಟ್ಟುವುದು ಯಾವುದೂ ಆಗದು ಎಂದು ಏಮಿ ಮೊದಲೇ ಹೇಳಿಬಿಡುತ್ತಾಳೆ. ಶೆಲ್ಡನ್ ಅವಳಿಗೆ ಕುಡಿಯಲು ಏನಾದರೂ ಕೊಡಿಸಲೇ ಎಂದು ಕೇಳುತ್ತಾನೆ. ಉಗುರುಬೆಚ್ಚಗಿನ ನೀರು ಸಾಕು ಎನ್ನುತ್ತಾಳೆ.

ನೋಡಿ, ಇಬ್ಬರು ಒಂಟಿ ಜನ ಎದುರುಬದುರಾಗಿದ್ದಾರೆ. ಒಬ್ಬರಿಂದ ಒಬ್ಬರಿಗೆ ಏನೂ ಬೇಡ. ಆದರೂ ಮಾತು ಕೂಡಿಬರುತ್ತದೆ. ಅದಕ್ಕಿಂತ ಒಳ್ಳೆಯ ಶುರು ಇನ್ನೇನು ಬೇಕಿತ್ತು?

ಹಾಗಾದ್ರೆ ನಿಮಗೆ ಏಮಿ ಇಷ್ಟ ಇಲ್ಲ ಅನ್ನೋದು ಸುಳ್ಳಾ?

ಪೂರ್ತಿ ಸುಳ್ಳು. ಏಮಿ ನನಗೆ ತುಂಬಾ ಇಷ್ಟ. ಪಾತ್ರ ಮಾಡಿದ ಮಾಯಿಮ್ ಬಿಯಾಲಿಕ್ ನಿಜವಾಗಿಯೂ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಕಥೆಯಲ್ಲಿ ಏಮಿಯೂ ನರಜೀವವಿಜ್ಞಾನಿ. ನನ್ನ ಬೇಸರದಲ್ಲಿ ಅರ್ಧ ಪಾಲು ಏಮಿಯ ಪರವಾಗಿಯೇ ಇದೆ. ಅದನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಏಮಿ ಬಂದು ಶೆಲ್ಡನ್‌ನನ್ನು ಹಾಳು ಮಾಡಿದಳು ಎಂದು ಬೈಯುವವರಿದ್ದಾರೆ. ಆ ಮಾತು ನನಗೆ ಸೇರುವುದಿಲ್ಲ. ಗಂಡಸಿನ ಪಾತ್ರ ಬದಲಾದರೆ ಹೆಂಗಸಿನ ಪಾತ್ರಕ್ಕೆ ಬೈಯುವುದು ಹಳೇ ಚಾಳಿ. ಪಾತ್ರ ತಾನಾಗಿ ಏನೂ ಮಾಡುವುದಿಲ್ಲ. ಬರೆದವರು ಮಾಡಿಸುತ್ತಾರೆ.

ಮತ್ತೆ ತಪ್ಪಿದ್ದು ಎಲ್ಲಿ?

ನನ್ನ ಪ್ರಕಾರ 2010ರ ಡಿಸೆಂಬರ್ 9ರಂದು. ನಾಲ್ಕನೇ ಸೀಸನ್ನಿನ ಹತ್ತನೇ ಕಂತು.

ಹೆಚ್ಚಿನವರು ಮೊದಲ ಮುತ್ತಿನ ಕಂತನ್ನೋ ಮದುವೆಯ ಕಂತನ್ನೋ ತೋರಿಸುತ್ತಾರೆ. ಅವು ಫಲ ಮಾತ್ರ. ಬೀಜ ಬಿದ್ದದ್ದು ಇಲ್ಲಿ. ಈ ಕಂತಿನಲ್ಲಿ ಪೆನ್ನಿಯ ಹಳೇ ಗೆಳೆಯ ಝ್ಯಾಕ್‌ನನ್ನು ನೋಡಿ ಏಮಿಗೆ ಮೈ ಬಿಸಿಯಾಗುತ್ತದೆ. ಏನೋ ಪರಜೀವಿ ಮೈ ಹೊಕ್ಕಿರಬೇಕು ಎಂದು ಅವಳು ಲೆಕ್ಕ ಹಾಕುತ್ತಾಳೆ. ಕಂತು ತಮಾಷೆಯಾಗಿಯೇ ಇದೆ. ಆದರೆ ಆರೂವರೆ ತಿಂಗಳ ಹಿಂದೆ ಉಗುರುಬೆಚ್ಚಗಿನ ನೀರು ಕೇಳಿದ, ತನ್ನ ಬದುಕಿನಲ್ಲಿ ತಾನು ಹಾಯಾಗಿದ್ದ ಏಮಿ ಅಲ್ಲಿಗೆ ಮುಗಿದಳು. ಅಲ್ಲಿಂದ ಮುಂದೆ ಅವಳು ಬೇಕು ಅನ್ನುವವಳಾದಳು, ಅವನು ಕೊಡದವನಾದ. ಅವಳು ಕಾಯುತ್ತಾಳೆ, ಕೇಳುತ್ತಾಳೆ, ಅವನು ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ವರ್ಷಗಟ್ಟಲೆ ಇದೇ ನಗೆಯ ಸರಕು.

ಇದರಿಂದ ಇಬ್ಬರಿಗೂ ಅನ್ಯಾಯವಾಯಿತು. ಏಮಿ ಸದಾ ಹಸಿದವಳ ಹಾಗೆ ಕಂಡಳು. ಶೆಲ್ಡನ್‌ನ ಸ್ವಭಾವ ಅವಳ ಪಾಲಿನ ಸಂಕಟವಾಯಿತು. ಮೊದಲು ಅವನಿಗೆ ಮುಟ್ಟುವುದು ಇಷ್ಟವಿಲ್ಲ ಅಂದರೆ ಅದು ಅವನ ಸ್ವಭಾವ. ಈಗ ಅದೇ ಮಾತು ಒಬ್ಬಳನ್ನು ನೋಯಿಸುವ ಮೊಂಡುತನ. ನೋಡುಗರು ಯಾರ ಕಡೆ ನಿಲ್ಲಬೇಕು? ಸಹಜವಾಗಿ ಏಮಿಯ ಕಡೆ. ನಾನೂ ಅವಳ ಕಡೆಯೇ ನಿಂತೆ. ನಿಂತಾಗಲೆಲ್ಲ ಶೆಲ್ಡನ್ ಬದಲಾಗಲಿ ಎಂದು ನಾನೇ ಬಯಸಿದ ಹಾಗಾಯಿತು. ಯಾರನ್ನು ಅವನು ಇದ್ದ ಹಾಗೇ ಇಷ್ಟಪಟ್ಟಿದ್ದೆನೋ ಅವನು ಬದಲಾಗಲಿ ಎಂದು ನಾನೇ ಬಯಸುವಂತೆ ಕಥೆ ನನ್ನನ್ನು ತಿರುಗಿಸಿತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇನ್ನೊಂದು ವಿಷಯವೂ ಇದೆ. 2008ರ ಆ ರಮೋನಾ ನೆನಪಿದ್ದಾಳಲ್ವಾ? ಶೆಲ್ಡನ್‌ಗೆ ಇದ್ಯಾವುದೂ ತಾಕುವುದಿಲ್ಲ ಎಂದು ತೋರಿಸಲು ತಂದ ಪಾತ್ರ. 2017ರಲ್ಲಿ, ಹತ್ತನೇ ಸೀಸನ್ನಿನ ಕೊನೆಗೆ, ಅವಳನ್ನೇ ವಾಪಸ್ ಕರೆತಂದರು. ಅವಳು ಅವನಿಗೆ ಮುತ್ತಿಡುತ್ತಾಳೆ. ಅವನು ತಕ್ಷಣ ಹೊರಟು ಪ್ರಿನ್ಸ್‌ಟನ್‌ನಲ್ಲಿರುವ ಏಮಿಯ ಬಾಗಿಲಿಗೆ ಹೋಗಿ ಮಂಡಿಯೂರುತ್ತಾನೆ. ಅವನ ಸ್ವಭಾವಕ್ಕೆ ಸಾಕ್ಷಿಯಾಗಿದ್ದ ಹುಡುಗಿಯೇ ಅವನ ಮದುವೆಗೆ ಕಾರಣ. ಬರಹಗಾರರಿಗೆ ಹಳೆಯದು ನೆನಪಿತ್ತು. ನೆನಪಿದ್ದೂ ಅದನ್ನು ಮಗುಚಿ ಹಾಕಿದರು.

ಮನುಷ್ಯ ಅಂದ್ಮೇಲೆ ಬದಲಾಗಲ್ವಾ? ಹನ್ನೆರಡು ವರ್ಷ ಒಂದೇ ಥರ ಇರ್ಬೇಕಾ?

ಬದಲಾಗಲಿ. ಖಂಡಿತ ಬದಲಾಗಲಿ. ಶೆಲ್ಡನ್ ಒರಟ. ಗೆಳೆಯರ ಮನಸ್ಸು ಅವನಿಗೆ ಅರ್ಥವಾಗುವುದಿಲ್ಲ. ಕ್ಷಮೆ ಕೇಳಲು ಬರುವುದಿಲ್ಲ. ಇನ್ನೊಬ್ಬರ ಗೆಲುವು ನೋಡಿ ಖುಷಿಪಡಲು ಬರುವುದಿಲ್ಲ. ಇವೆಲ್ಲ ಕಲಿಯಬೇಕಾದ ವಿಷಯಗಳೇ. ಅವನು ಒಂದೊಂದಾಗಿ ಕಲಿತಾಗ ನಾನು ನಿಜವಾಗಿ ಖುಷಿಪಟ್ಟೆ.

ಆದರೆ ಒರಟುತನ ಬೇರೆ, ಒಂಟಿಯಾಗಿ ಇರುವುದು ಬೇರೆ. ಕಥೆ ಎರಡನ್ನೂ ಒಂದೇ ಗಂಟು ಕಟ್ಟಿತು. ಅವನು ಒಳ್ಳೆಯವನಾಗುತ್ತಾ ಹೋದಷ್ಟೂ ಪ್ರೇಮಿಯಾಗುತ್ತಾ ಹೋದ. ಹೀಗೆ ಬರೆದರೆ ನೋಡುವವರಿಗೆ ಏನು ಅನ್ನಿಸುತ್ತದೆ? ಒಂಟಿಯಾಗಿರುವುದೂ ಒರಟುತನದ ಹಾಗೆ ಒಂದು ಕೊರತೆ, ಬೆಳೆದು ದಾಟಬೇಕಾದದ್ದು ಅನ್ನಿಸುತ್ತದೆ. ನಮ್ಮಲ್ಲೂ ಇದೇ ಮಾತಲ್ವಾ? ಕುಡಿಯುವವನಿಗೂ ಮದುವೆ ಮಾಡಿ ಸರಿ ಹೋಗ್ತಾನೆ, ಸೋಮಾರಿಗೂ ಮದುವೆ ಮಾಡಿ ಸರಿ ಹೋಗ್ತಾನೆ, ತನ್ನ ಪಾಡಿಗೆ ತಾನು ಓದಿಕೊಂಡಿರುವವನಿಗೂ ಮದುವೆ ಮಾಡಿ ಸರಿ ಹೋಗ್ತಾನೆ. ಮೂರನೆಯವನಲ್ಲಿ ಸರಿ ಮಾಡಬೇಕಾದದ್ದು ಏನಿತ್ತು ಎಂದು ಯಾರೂ ಕೇಳುವುದಿಲ್ಲ.

ಬರಹಗಾರರು ಯಾಕೆ ಹೀಗೆ ಮಾಡ್ತಾರೆ?

ಇದಕ್ಕೆ ಉತ್ತರ ಹುಡುಕುತ್ತಾ ನನ್ನ ಸಿಟ್ಟು ಸ್ವಲ್ಪ ಇಳಿದಿದೆ. ಅವರ ಕಷ್ಟ ನಿಜವಾದ ಕಷ್ಟ.

ಅಮೆರಿಕದ ದೊಡ್ಡ ವಾಹಿನಿಯ ಸಿಟ್‌ಕಾಮ್ ಅಂದರೆ ಆಗ ವರ್ಷಕ್ಕೆ 22ರಿಂದ 24 ಕಂತು. ವಾರ ವಾರ ಹೊಸ ಕಥೆ ಬೇಕು. ಕಥೆ ಹುಟ್ಟುವುದು ಯಾರಿಗಾದರೂ ಏನಾದರೂ ಬೇಕಾದಾಗ. ತನಗೇನೂ ಬೇಡ ಅನ್ನುವ ಪಾತ್ರದಿಂದ ಒಂದು ಸೀಸನ್ ನಗಿಸಬಹುದು, ಎರಡು ಸೀಸನ್ ನಗಿಸಬಹುದು. ಹನ್ನೆರಡು ಸೀಸನ್ ಎಳೆಯುವುದು ಸುಲಭವಲ್ಲ. ಅದರಲ್ಲೂ ಇದು ಜನರನ್ನು ಎದುರಿಗೆ ಕೂರಿಸಿಕೊಂಡು, ನಾಲ್ಕಾರು ಸೆಟ್‌ಗಳಲ್ಲಿ ಚಿತ್ರಿಸುವ ಬಗೆ. ಸೋಫಾ, ಮೆಟ್ಟಿಲು, ಕ್ಯಾಂಟೀನು. ಹೊರಗೆ ಹೋಗಿ ಸಾಹಸ ಮಾಡುವ ಹಾಗಿಲ್ಲ. ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸಬೇಕು. ಪ್ರೇಮದ ಕಥೆಗೆ ಈ ಅಳತೆ ಚೆನ್ನಾಗಿ ಒಪ್ಪುತ್ತದೆ.

ಪ್ರೇಮಕ್ಕೆ ಇನ್ನೊಂದು ಅನುಕೂಲ ಇದೆ, ಮೆಟ್ಟಿಲುಗಳು. ಮೊದಲ ಭೇಟಿ, ಮೊದಲ ಜಗಳ, ಮೊದಲ ಮುತ್ತು, ಬೇರೆಯಾಗುವುದು, ಮತ್ತೆ ಸೇರುವುದು, ಉಂಗುರ, ಮದುವೆ. ಒಂದೊಂದನ್ನೂ ಮೊದಲೇ ಜಾಹೀರಾತು ಮಾಡಿ ಜನರನ್ನು ಕಾಯಿಸಬಹುದು. ಅಮೆರಿಕದಲ್ಲಿ ನವೆಂಬರ್, ಫೆಬ್ರವರಿ, ಮೇ ತಿಂಗಳುಗಳಲ್ಲಿ ನೋಡುಗರ ಎಣಿಕೆಗೆ ವಿಶೇಷ ಬೆಲೆ. ಜಾಹೀರಾತಿನ ದರ ಅದನ್ನು ನೋಡಿ ತೀರ್ಮಾನವಾಗುತ್ತಿತ್ತು. ಈಗ ಶೆಲ್ಡನ್ ಮತ್ತು ಏಮಿಯ ಕಥೆಯ ತಾರೀಖುಗಳನ್ನು ನೋಡಿ. ಭೇಟಿಯಾದದ್ದು 2010ರ ಮೇ. ಸಂಬಂಧದ ಒಪ್ಪಂದಕ್ಕೆ ಸಹಿ ಹಾಕಿದ್ದು 2011ರ ನವೆಂಬರ್. ರೈಲಿನಲ್ಲಿ ಶೆಲ್ಡನ್ ತಾನಾಗಿ ಕೊಟ್ಟ ಮೊದಲ ಮುತ್ತು 2014ರ ಫೆಬ್ರವರಿ. ಏಮಿ ದೂರವಾಗಲು ನಿರ್ಧರಿಸಿದ್ದು 2015ರ ಮೇ. ಮದುವೆಯ ಪ್ರಸ್ತಾಪ 2017ರ ಮೇ. ಮದುವೆ 2018ರ ಮೇ.

ಇದನ್ನು ಮೊದಲ ಸಲ ಸಾಲಾಗಿ ಬರೆದು ನೋಡಿದಾಗ ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಅವರಿಬ್ಬರ ಹೃದಯ ಬಡಿದದ್ದು ವಾಹಿನಿಯ ಕ್ಯಾಲೆಂಡರಿಗೆ ತಕ್ಕ ಹಾಗೆ. ಒಂಟಿಯಾಗಿ ಚೆನ್ನಾಗಿರುವ ಮನುಷ್ಯನ ಬದುಕಿನಲ್ಲಿ ಮೇ ತಿಂಗಳಿಗೆ ಜಾಹೀರಾತು ಮಾಡುವಂಥದ್ದು ಏನೂ ನಡೆಯುವುದಿಲ್ಲ. ಅವನ ಬದುಕು ಕೆಟ್ಟದ್ದು ಎಂದಲ್ಲ. ಅದನ್ನು ಮಾರಲು ಆಗುವುದಿಲ್ಲ, ಅಷ್ಟೇ.

ಆದ್ರೂ ಜನ ಇಷ್ಟಪಟ್ರಲ್ವಾ?

ಪಟ್ಟರು. ಮೊದಲ ಮುತ್ತಿನ ಕಂತು ಬಂದ ಏಳನೇ ಸೀಸನ್ನಿಗೆ ಅಮೆರಿಕದಲ್ಲಿ ಸರಾಸರಿ ಸುಮಾರು 2 ಕೋಟಿ ನೋಡುಗರಿದ್ದರು. ಮೊದಲ ಸೀಸನ್ನಿಗಿಂತ ಎರಡು ಪಟ್ಟಿಗೂ ಜಾಸ್ತಿ. 'ಶಾಮಿ' ಎಂದು ಇಬ್ಬರ ಹೆಸರು ಕೂಡಿಸಿ ಮುದ್ದು ಮಾಡಿದ ಅಭಿಮಾನಿಗಳೂ ಲೆಕ್ಕವಿಲ್ಲದಷ್ಟಿದ್ದಾರೆ. ಅವರ ಖುಷಿಯನ್ನು ನಾನು ಕಸಿಯುವುದಿಲ್ಲ. ಆದರೆ ಪಾರ್ಸನ್ಸ್‌ಗೆ ಮೊದಲ ಎಮ್ಮಿ ಬಂದದ್ದು 2010ರಲ್ಲಿ, ಮೂರನೇ ಸೀಸನ್ನಿಗೆ. ಅದರ ಕೊನೆಯ ದೃಶ್ಯದ ತನಕ ಏಮಿಯೇ ಇರಲಿಲ್ಲ. ಒಂಟಿ ಶೆಲ್ಡನ್‌ನನ್ನೂ ಜನ ಇಷ್ಟಪಟ್ಟಿದ್ದರು.

ಶೆಲ್ಡನ್ ಏಸೆಕ್ಷುವಲ್ ಆಗಿದ್ನಾ?

ಕಥೆ ಆ ಪದವನ್ನು ಅವನಿಗೆ ಹಚ್ಚಲಿಲ್ಲ. ಆದರೆ ಯಾರ ಮೇಲೂ ಲೈಂಗಿಕ ಆಕರ್ಷಣೆ ಇಲ್ಲದ ಎಷ್ಟೋ ಜನ ಅವನಲ್ಲಿ ತಮ್ಮನ್ನು ಕಂಡರು. ಅಂಥವರು ಅಪರೂಪ ಎಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ 18,000ಕ್ಕೂ ಹೆಚ್ಚು ಜನರನ್ನು ಕೇಳಿದ ಒಂದು ಸಮೀಕ್ಷೆಯನ್ನು ಕೆನಡಾದ ಮನಶ್ಶಾಸ್ತ್ರಜ್ಞ ಆಂಥನಿ ಬೊಗಾರ್ಟ್ 2004ರಲ್ಲಿ ಪರಿಶೀಲಿಸಿದರು. ಅದರಲ್ಲಿ ಸುಮಾರು ನೂರಕ್ಕೆ ಒಬ್ಬರು ತಮಗೆ ಯಾರ ಮೇಲೂ ಅಂಥ ಆಕರ್ಷಣೆ ಹುಟ್ಟಿಲ್ಲ ಎಂದಿದ್ದರು. ಒಂದು ದೊಡ್ಡ ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ ಅಂದುಕೊಳ್ಳಿ.

ಆರನೇ ಸೀಸನ್ನಿನಲ್ಲಿ ಒಂದು ಮಾತು ಬರುತ್ತದೆ. ಏಮಿ ಜೊತೆ ಮುಂದೆಂದಾದರೂ ದೈಹಿಕ ಸಂಬಂಧ ಇರಬಹುದಾ ಎಂದು ಪೆನ್ನಿ ಕೇಳಿದಾಗ, ಇರಬಹುದು ಎನ್ನುತ್ತಾನೆ ಶೆಲ್ಡನ್. ಏಮಿಯನ್ನು ಭೇಟಿಯಾಗುವ ಮೊದಲು ತನಗೆ ಯಾರ ಜೊತೆಯೂ ಅಂಥ ಆಸೆ ಇರಲಿಲ್ಲ ಎಂದೂ ಹೇಳುತ್ತಾನೆ. ಮನಸ್ಸು ಗಟ್ಟಿಯಾಗಿ ಕೂಡಿದ ಮೇಲಷ್ಟೇ ಆಕರ್ಷಣೆ ಹುಟ್ಟುವವರೂ ಇದ್ದಾರೆ. ಅವರು ಈ ಕಥೆಯಲ್ಲಿ ತಮ್ಮನ್ನು ಕಾಣಬಹುದು. ಅದನ್ನು ನಾನು ಒಪ್ಪುತ್ತೇನೆ. ಹಾಗೆ ನೋಡಿದ ಗೆಳತಿಯೊಬ್ಬಳು ನನಗಿದ್ದಾಳೆ. ಅವಳ ಜೊತೆ ಮಾತಾಡಿದ ಮೇಲೆ ಆ ಕಂತನ್ನು ನಾನು ಮೊದಲಿನಷ್ಟು ಸಿಟ್ಟಿನಿಂದ ನೋಡಿಲ್ಲ.

ಒಂಟಿ ಪಾತ್ರ ಅಂದ್ರೆ ಪ್ರೀತಿನೇ ಗೊತ್ತಿಲ್ಲದ ಪಾತ್ರ ಅಲ್ವಾ?

ಅಲ್ಲವೇ ಅಲ್ಲ. ನನಗೆ ಅತಿ ಹೆಚ್ಚು ಬೇಸರ ತರುವ ಪ್ರಶ್ನೆ ಇದು. ಉತ್ತರ ಅದೇ ಧಾರಾವಾಹಿಯಲ್ಲಿದೆ.

ಎರಡನೇ ಸೀಸನ್ನಿನ ಹನ್ನೊಂದನೇ ಕಂತು, 2008ರ ಡಿಸೆಂಬರ್. ಕ್ರಿಸ್‌ಮಸ್‌ಗೆ ಪೆನ್ನಿ ಏನೋ ಉಡುಗೊರೆ ಕೊಡುತ್ತಾಳೆ ಎಂದು ಶೆಲ್ಡನ್‌ಗೆ ಗೊತ್ತಾಗುತ್ತದೆ. ಅವನಿಗೆ ಅದೇ ಚಿಂತೆ. ಅವಳು ಎಷ್ಟು ಬೆಲೆಯದು ಕೊಡುತ್ತಾಳೋ ಅಷ್ಟೇ ಬೆಲೆಯದು ವಾಪಸ್ ಕೊಡಬೇಕು. ಅದಕ್ಕೆ ಸ್ನಾನದ ಸಾಮಾನಿನ ಬುಟ್ಟಿಗಳನ್ನು ಬೇರೆ ಬೇರೆ ಅಳತೆಯಲ್ಲಿ ತಂದಿಡುತ್ತಾನೆ. ಉಡುಗೊರೆ ಬಿಚ್ಚಿದರೆ ಒಂದು ಕರವಸ್ತ್ರ. ಅವನು ದೇವರ ಹಾಗೆ ಕಾಣುವ ನಟ ಲೆನರ್ಡ್ ನಿಮೋಯ್, ಪೆನ್ನಿ ಕೆಲಸ ಮಾಡುವ ಹೋಟೆಲಿಗೆ ಬಂದಾಗ ಬಾಯಿ ಒರೆಸಿಕೊಂಡು ಸಹಿ ಹಾಕಿಕೊಟ್ಟದ್ದು. ಶೆಲ್ಡನ್ ಒಳಗೆ ಓಡುತ್ತಾನೆ. ಇದ್ದಬದ್ದ ಬುಟ್ಟಿಗಳನ್ನೆಲ್ಲ ತಂದು ಸುರಿಯುತ್ತಾನೆ. ಇಷ್ಟು ಕೊಟ್ಟರೂ ಸಾಲದು ಅನ್ನಿಸುತ್ತದೆ. ಕೊನೆಗೆ ಮುಂದೆ ಬಂದು, ಕೈಗಳನ್ನು ಹೇಗೆ ಇಡಬೇಕೆಂದೇ ಗೊತ್ತಿಲ್ಲದವನ ಹಾಗೆ, ಪೆನ್ನಿಯನ್ನು ತಬ್ಬಿಕೊಳ್ಳುತ್ತಾನೆ.

ನಾನು ಆ ದೃಶ್ಯಕ್ಕೆ ಪ್ರತಿ ಸಲ ಅಳುತ್ತೇನೆ. ಹನ್ನೆರಡು ವರ್ಷದಲ್ಲಿ ಅದಕ್ಕಿಂತ ಆಳವಾದ ಪ್ರೀತಿಯ ದೃಶ್ಯ ಇನ್ನೊಂದಿಲ್ಲ. ಅದು ಪ್ರೇಮವಲ್ಲ. ಎದುರು ಮನೆಯ ಗೆಳತಿ ತನ್ನನ್ನು ಇಷ್ಟು ಚೆನ್ನಾಗಿ ತಿಳಿದುಕೊಂಡಿದ್ದಾಳಲ್ಲ ಅನ್ನುವ ಬೆರಗು. ಶೆಲ್ಡನ್‌ಗೆ ಹುಷಾರಿಲ್ಲದಾಗ ಪೆನ್ನಿ ಪಕ್ಕದಲ್ಲಿ ಕೂತು ಬೆಕ್ಕಿನ ಜೋಗುಳ ಹಾಡುತ್ತಾಳೆ, ಅದೂ ಪ್ರೀತಿ. ಲೆನರ್ಡ್ ವರ್ಷಗಟ್ಟಲೆ ಅವನನ್ನು ಕಾರಿನಲ್ಲಿ ಕೆಲಸಕ್ಕೆ ಕರೆದುಕೊಂಡು ಹೋಗುತ್ತಾನೆ, ಅದೂ ಪ್ರೀತಿ.

ಕನ್ನಡದಲ್ಲಿ ನಮಗೆ ಎರಡು ಪದಗಳಿವೆ. ಒಂಟಿತನ ಮತ್ತು ಏಕಾಂತ. ಒಂಟಿತನ ಅಂದರೆ ಯಾರೂ ಇಲ್ಲ ಅನ್ನುವ ನೋವು. ಏಕಾಂತ ಅಂದರೆ ನಾನಿದ್ದೇನೆ ಅನ್ನುವ ನೆಮ್ಮದಿ. ಶೆಲ್ಡನ್‌ಗೆ ಇದ್ದದ್ದು ಏಕಾಂತ. ಕಥೆ ಅದನ್ನು ಒಂಟಿತನ ಎಂದು ಓದಿ ಔಷಧಿ ಕೊಟ್ಟಿತು.

ಇದು ಒಂದೇ ಧಾರಾವಾಹಿಯ ಕಥೆನಾ?

ಇಲ್ಲ, ತುಂಬಾ ಹಳೆಯದು. ಷರ್ಲಾಕ್ ಹೋಮ್ಸ್‌ಗೂ ಹೀಗಾಗಿದೆ. 1891ರಲ್ಲಿ ಬಂದ ಕಥೆಯಲ್ಲಿ ಐರೀನ್ ಆಡ್ಲರ್ ಬರುತ್ತಾಳೆ. ಹೋಮ್ಸ್‌ಗೆ ಅವಳ ಮೇಲಿದ್ದದ್ದು ಪ್ರೇಮವಲ್ಲ ಎಂದು ವಾಟ್ಸನ್ ಶುರುವಿನಲ್ಲೇ ಬಿಡಿಸಿ ಹೇಳುತ್ತಾನೆ. ಆದರೂ ಆಮೇಲೆ ಬಂದ ಎಷ್ಟೋ ನಾಟಕ, ಸಿನಿಮಾಗಳಲ್ಲಿ ಹೋಮ್ಸ್‌ಗೆ ಪ್ರೇಮ ಅಂಟಿಸಿದರು. 1899ರಲ್ಲೇ ನಟ ವಿಲಿಯಂ ಜಿಲೆಟ್ ನಾಟಕ ಬರೆಯುವಾಗ ಹೋಮ್ಸ್‌ಗೆ ಮದುವೆ ಮಾಡಬಹುದಾ ಎಂದು ಮೂಲ ಕಥೆಗಳನ್ನು ಬರೆದ ಕಾನನ್ ಡಾಯ್ಲ್‌ಗೆ ತಂತಿ ಕಳಿಸಿದ್ದರು. ಏನು ಬೇಕಾದರೂ ಮಾಡಿಕೊಳ್ಳಿ ಎಂದು ಅವರು ಉತ್ತರ ಕೊಟ್ಟರು.

ಆರ್ಚಿ ಕಾಮಿಕ್ಸ್‌ನ ಜಗ್‌ಹೆಡ್ ಇನ್ನೊಬ್ಬ. ಹುಡುಗಿಯರಿಗಿಂತ ಬರ್ಗರ್ ಇಷ್ಟಪಡುವ ಹುಡುಗ. ನಮ್ಮಲ್ಲೂ ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿದವರಿಗೆ ಗೊತ್ತು. 2016ರ ಒಂದು ಸಂಚಿಕೆಯಲ್ಲಿ ಅವನು ಏಸೆಕ್ಷುವಲ್ ಎಂದು ಸ್ಪಷ್ಟವಾಗಿ ಬಂತು. ಮರುವರ್ಷವೇ ಟಿವಿಗೆ ಬಂದ 'ರಿವರ್‌ಡೇಲ್'ನಲ್ಲಿ ಅವನಿಗೆ ಬೆಟ್ಟಿಯ ಜೊತೆ ಪ್ರೇಮ. ಹೆಚ್ಚು ದಿನ ಬಾಳಲಿಲ್ಲ ಆ ಗೆಲುವು.

ಚೆನ್ನಾಗಿ ಮಾಡಿದ್ದೂ ಇದೆ. 'ಕಮ್ಯುನಿಟಿ' ಅನ್ನುವ ಸಿಟ್‌ಕಾಮ್‌ನ ಆಬೆಡ್‌ಗೆ ರೇಚಲ್ ಎಂಬ ಗೆಳತಿ ಬರುತ್ತಾಳೆ. ಆದರೆ ಅವನ ಕಥೆ ಅವಳ ಸುತ್ತ ಸುತ್ತುವುದಿಲ್ಲ. 2015ರಲ್ಲಿ ಕಥೆ ಮುಗಿಯುವಾಗ ಅವನು ಟಿವಿ ಕೆಲಸ ಹಿಡಿದು ಲಾಸ್ ಏಂಜಲಿಸ್‌ಗೆ ಹೊರಡುತ್ತಾನೆ. ಅವನಿಗೆ ಮೊದಲಿನಿಂದ ಯಾವುದು ಪ್ರಾಣವೋ ಅದರ ಕಡೆಗೇ.

ಒಂದು ಹಾಸ್ಯ ಧಾರಾವಾಹಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ?

ನಾನು ಬೆಂಗಳೂರಿನಲ್ಲಿ ಒಬ್ಬಳೇ ಇದ್ದೇನೆ. ಇಷ್ಟಪಟ್ಟು ಇದ್ದೇನೆ. ಬೆಳಿಗ್ಗೆ ಎದ್ದು ನನಗೆ ಬೇಕಾದಷ್ಟೇ ಕಾಫಿ ಕಾಸಿ, ಕಿಟಕಿ ಪಕ್ಕ ಕೂತು ಓದುವ ಅರ್ಧ ಗಂಟೆ ನನಗೆ ದಿನದ ಬೆಲೆಬಾಳುವ ಹೊತ್ತು. ಊರಿಗೆ ಹೋದರೆ ದೊಡ್ಡಮ್ಮ ಕೈ ಹಿಡಿದು ಕೂರಿಸಿಕೊಂಡು, "ಎಷ್ಟು ದಿನ ಅಂತ ಹೀಗೆ ಒಬ್ಳೇ ಇರ್ತೀಯಾ ಪುಟ್ಟಿ" ಅನ್ನುತ್ತಾರೆ. ಅವರಿಗೆ ನನ್ನ ಮೇಲೆ ಪ್ರೀತಿ. ನನಗೂ ಗೊತ್ತು. ಆದರೂ ನಾನು ಸುಖವಾಗಿದ್ದೇನೆ ಎಂದು ಹೇಳಿ ನಂಬಿಸಲು ನನ್ನಿಂದ ಇವತ್ತಿನವರೆಗೆ ಆಗಿಲ್ಲ.

ಚಿಕ್ಕಪ್ಪನ ಮಗನ ಜೊತೆ ನಾನು ಈ ಧಾರಾವಾಹಿ ನೋಡುತ್ತಿದ್ದೆ. ಮನೆಯಲ್ಲಿ ನನ್ನ ವಿಷಯ ಬಂದಾಗಲೆಲ್ಲ ಅವನು, "ಅಕ್ಕ ಶೆಲ್ಡನ್ ಥರ, ಬಿಟ್ಬಿಡಿ" ಅನ್ನುತ್ತಿದ್ದ. ಆ ಒಂದು ಮಾತು ನನಗೆ ಗುರಾಣಿಯಾಗಿತ್ತು. ಶೆಲ್ಡನ್ ಅಂದರೆ ಅವನಿಗೆ ಅರ್ಥವಾಗುತ್ತಿತ್ತು. ನನ್ನ ಬಗ್ಗೆ ನಾನು ವಿವರಿಸಬೇಕಿರಲಿಲ್ಲ.

2018ರ ಮೇ ತಿಂಗಳಲ್ಲಿ ಮದುವೆಯ ಕಂತು ಬಂತು. ಅದಾದ ಸ್ವಲ್ಪ ದಿನಕ್ಕೆ ಒಂದು ಗೃಹಪ್ರವೇಶದಲ್ಲಿ ಎಲ್ಲರೂ ಸೇರಿದ್ದೆವು. ಊಟಕ್ಕೆ ಕೂತಾಗ ಅವನೇ ನಗುತ್ತಾ, "ನೋಡಕ್ಕಾ, ಶೆಲ್ಡನ್‌ಗೇ ಮದ್ವೆ ಆಯ್ತು. ಇನ್ನು ನಿಂಗೇನು?" ಅಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲೆಯ ಮೇಲಿದ್ದ ಪಾಯಸ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಪರವಾಗಿದ್ದ ಒಂದೇ ಒಂದು ಉದಾಹರಣೆ ಅವತ್ತು ನನ್ನ ವಿರುದ್ಧದ ಉದಾಹರಣೆಯಾಯಿತು.

ಅದಕ್ಕೇ ತಲೆ ಕೆಡಿಸಿಕೊಳ್ಳುತ್ತೇನೆ. ಪ್ರೇಮಿಗಳಿಗೆ ಕಥೆಗಳು ಸಾವಿರ ಇವೆ. ಒಂದು ಹೋದರೆ ಇನ್ನೊಂದು. ನಮಗೆ ಇದ್ದದ್ದು ಬೆರಳೆಣಿಕೆಯಷ್ಟು.

ಅವರಿಬ್ಬರ ಕಥೆಯಲ್ಲಿ ಚೆನ್ನಾಗಿರೋದು ಏನೂ ಇಲ್ವಾ?

ಇದೆ. ಅವಸರ ಮಾಡಲಿಲ್ಲ. ಭೇಟಿಯಿಂದ ಮೊದಲ ಮುತ್ತಿಗೆ ಹತ್ತಿರ ಹತ್ತಿರ ನಾಲ್ಕು ವರ್ಷ. ಮುಂದಿನ ಹೆಜ್ಜೆಗೆ, ಅಂದರೆ 2015ರ ಡಿಸೆಂಬರ್ ಕಂತಿಗೆ, ಇನ್ನೂ ಸುಮಾರು ಎರಡು ವರ್ಷ. ಆ ಕಂತಿನಲ್ಲಿ ಇಬ್ಬರೂ ಹೆದರಿದ್ದಾರೆ, ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಯಾರೂ ಯಾರನ್ನೂ ಒತ್ತಾಯಿಸುವುದಿಲ್ಲ. ಬರಹಗಾರರು ಅಲ್ಲಿ ತುಂಬಾ ಮೃದುವಾಗಿ ನಡೆದುಕೊಂಡಿದ್ದಾರೆ.

ಕೊನೆಯ ಕಂತೂ ನನಗೆ ಇಷ್ಟ. ಶೆಲ್ಡನ್ ಮತ್ತು ಏಮಿ ಒಟ್ಟಿಗೆ ನೊಬೆಲ್ ಪಡೆಯುತ್ತಾರೆ. ಏಮಿ ವೇದಿಕೆಯಿಂದ ಹೆಣ್ಣುಮಕ್ಕಳಿಗೆ ವಿಜ್ಞಾನ ಓದಿ ಎಂದು ಹೇಳುತ್ತಾಳೆ. ಶೆಲ್ಡನ್ ಬರೆದುಕೊಂಡು ಬಂದ ಭಾಷಣ ಬದಿಗಿಟ್ಟು, ಗೆಳೆಯರನ್ನು ಒಬ್ಬೊಬ್ಬರಾಗಿ ಎದ್ದು ನಿಲ್ಲಲು ಹೇಳಿ ಅವರಿಗೆ ಕೃತಜ್ಞತೆ ಹೇಳುತ್ತಾನೆ. ಆ ಭಾಷಣಕ್ಕೆ ಮದುವೆ ಬೇಕಿರಲಿಲ್ಲ. ಅದು ಕರವಸ್ತ್ರದ ಶೆಲ್ಡನ್ ಮಾಡಿದ ಭಾಷಣ.

ನೀವಾಗಿದ್ರೆ ಹೇಗೆ ಬರೀತಿದ್ರಿ?

ಏಮಿಯನ್ನು ತರುತ್ತಿದ್ದೆ, ಖಂಡಿತ. ಅವಳನ್ನು ಉಗುರುಬೆಚ್ಚಗಿನ ನೀರಿನ ಏಮಿಯಾಗಿಯೇ ಉಳಿಸುತ್ತಿದ್ದೆ. ಇಬ್ಬರಿಗೂ ಅವರವರ ಮನೆ, ಅವರವರ ಕೆಲಸ. ವಾರಕ್ಕೆರಡು ಸಲ ಊಟ, ದಿನಕ್ಕೆ ಹತ್ತು ಮೆಸೇಜು. ಜಗಳ ಇಲ್ಲದೆ ಸಿಟ್‌ಕಾಮ್ ಇಲ್ಲ, ಅದು ಗೊತ್ತು. ಜಗಳಕ್ಕೆ ಅವರ ಕೆಲಸವೇ ಸಾಕು. ನಾಲ್ಕನೇ ಸೀಸನ್ನಿನ ಮೂರನೇ ಕಂತಿನಲ್ಲಿ ಹಾಗೇ ಆಗುತ್ತದೆ. ನನ್ನ ವಿಜ್ಞಾನ ದೊಡ್ಡದೋ ನಿನ್ನದು ದೊಡ್ಡದೋ ಎಂದು ಜಗಳವಾಡಿ ಇಬ್ಬರೂ ಮಾತು ಬಿಡುತ್ತಾರೆ. ಶೆಲ್ಡನ್ ಮನೆ ತುಂಬ ಬೆಕ್ಕು ತಂದು ಸಾಕುತ್ತಾನೆ. ಗೆಳೆತನ ಮುರಿದ ನೋವು ಅದು. ಪ್ರೇಮ ಮುರಿದ ನೋವಿಗಿಂತ ಏನೂ ಕಡಿಮೆ ಇರಲಿಲ್ಲ. ಹಾಗೆ ಇನ್ನೂರು ಕಂತು ಬರೆಯಬಹುದಿತ್ತು.

ಮತ್ತೆ ಮನೆಯವರ ಕಾಟ. ಏಮಿಯ ಅಮ್ಮ, ಶೆಲ್ಡನ್‌ನ ಅಮ್ಮ ಇಬ್ಬರೂ ಸೇರಿ ಈ ಜೋಡಿಗೆ ಮದುವೆ ಮಾಡಲು ಹೊರಡುವುದು, ಇವರಿಬ್ಬರೂ ಒಂದಾಗಿ ತಪ್ಪಿಸಿಕೊಳ್ಳುವುದು. ಇದಕ್ಕಂತೂ ನಮ್ಮ ಕಡೆಯಿಂದ ಬೇಕಾದಷ್ಟು ಸರಕು ಕೊಡಬಹುದು.

ಈಗ ಹೊಸದಾಗಿ ನೋಡೋದಾದ್ರೆ ಎಲ್ಲಿವರೆಗೆ ನೋಡಲಿ?

ಪೂರ್ತಿ ನೋಡಿ, ನಿಮ್ಮ ತೀರ್ಮಾನ ನೀವೇ ಮಾಡಿ. ನಾನಂತೂ ಮತ್ತೆ ನೋಡುವಾಗ ನಾಲ್ಕನೇ ಸೀಸನ್ನಿನ ಒಂಬತ್ತನೇ ಕಂತಿಗೆ ನಿಲ್ಲಿಸುತ್ತೇನೆ. ಒಂದು ವೇಳೆ ಒಂದೇ ಕಂತಿಗೆ ಸಮಯ ಇದ್ದರೆ 2008ರ ಕ್ರಿಸ್‌ಮಸ್ ಕಂತು ನೋಡಿ. ಶೆಲ್ಡನ್ ಒಳಗೆ ಓಡಿ ಹೋಗಿ ಕೈತುಂಬ ಬುಟ್ಟಿಗಳನ್ನು ಹೊತ್ತು ತರುವಾಗ ಅವನ ಮುಖ ನೋಡಿ.